ಬ್ಯಾಟ್ರಿ ಎಂಬ ಹೆಸರೇ ಸರಿ

ಹಾರ್ಡ್‌ವೇರ್ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ, ಕಟ್ಟಿದ ತಂತಿಯೊಂದಕ್ಕೆ ಟಾರ್ಚುಗಳು ಹಾಗಲಕಾಯಿಯ ಹಾಗೆ ಜೋತುಬಿದ್ದಿರುತ್ತವೆ. ಹಳದಿ, ಕೆಂಪು, ಕಪ್ಪು. ಕೆಲವಕ್ಕೆ ಹೆಬ್ಬೆರಳಿನ ಗಾತ್ರ, ಕೆಲವಕ್ಕೆ ಮೊಳದುದ್ದ. ಬಂದ ಗಿರಾಕಿ ಒಂದನ್ನು ಬಿಡಿಸಿಕೊಂಡು ಗುಂಡಿ ಒತ್ತುತ್ತಾನೆ. ಮೊದಲು ಅಂಗೈಗೆ ಬಿಟ್ಟು ನೋಡುತ್ತಾನೆ, ಆಮೇಲೆ ಚಾವಣಿಗೆ, ಕೊನೆಗೆ ಯಾರು ಬೇಡವೆಂದರೂ ಕೇಳದೆ ನೇರ ತನ್ನ ಕಣ್ಣಿಗೇ. ಒಂದೆರಡು ಕ್ಷಣ ಕಣ್ಣು ಮಂಜಾಗಿ, ರೆಪ್ಪೆ ಪಟಪಟಿಸಿ, 'ಲೈಟು ಚೆನ್ನಾಗಿದೆ, ಕಟ್ಟಿಕೊಡಿ' ಎನ್ನುತ್ತಾನೆ. ವ್ಯಾಪಾರ ಮುಗಿಯಿತು.

ಕಣ್ಣು ಕುಕ್ಕುವುದೊಂದೇ ಪರೀಕ್ಷೆಯಾದರೆ ಆ ತಂತಿಯಲ್ಲಿರುವ ಎಲ್ಲವೂ ಪಾಸು. ಮೂವತ್ತು ರೂಪಾಯಿಯ ಕೀಚೈನ್ ಟಾರ್ಚು ಕೂಡ ಒಂದು ಗೇಣು ದೂರದಿಂದ ಕಣ್ಣು ಕುಕ್ಕುತ್ತದೆ. ಹೊಸ ಸೆಲ್ಲು ಹಾಕಿದ, ಆಗಷ್ಟೇ ಚಾರ್ಜ್ ಆದ ಟಾರ್ಚು ಮೊದಲ ಐದು ನಿಮಿಷ ಯಾರಿಗೂ ಮೋಸ ಮಾಡುವುದಿಲ್ಲ. ಅದರ ಯೋಗ್ಯತೆ ಗೊತ್ತಾಗುವುದು ಕೊಂಡ ಮೇಲೆ: ಎರಡನೇ ಗಂಟೆಯಲ್ಲಿ, ಎರಡನೇ ತಿಂಗಳಲ್ಲಿ, ಎರಡನೇ ಮಳೆಗಾಲದಲ್ಲಿ.

ನಮ್ಮ ಹಳ್ಳಿಗಳಲ್ಲಿ ಟಾರ್ಚನ್ನು 'ಬ್ಯಾಟ್ರಿ' ಎನ್ನುವುದು ರೂಢಿ. ಒಳಗೆ ಹಾಕುವುದು 'ಸೆಲ್ಲು', ಕೈಯಲ್ಲಿ ಹಿಡಿಯುವುದು 'ಬ್ಯಾಟ್ರಿ'. ಪೇಟೆಯ ಶಾಲೆಗೆ ಹೋದ ಮಕ್ಕಳು ಇದನ್ನು ತಿದ್ದಲು ಹೋಗಿ ಅಜ್ಜಂದಿರಿಂದ ಬೈಸಿಕೊಂಡದ್ದುಂಟು. ಆದರೆ ಎಲ್‌ಇಡಿ ಬಂದ ಮೇಲೆ ಅಜ್ಜಂದಿರ ಮಾತೇ ಹೆಚ್ಚು ಸರಿಯಾಗಿದೆ. ಬೆಳಕು ಕೊಡುವ ಚಿಪ್ಪು ಈಗ ಚಿಲ್ಲರೆ ಕಾಸಿನದು, ಸುಲಭಕ್ಕೆ ಸಾಯುವುದೂ ಇಲ್ಲ. ಅಗ್ಗದ ಟಾರ್ಚೊಂದು ಒಳ್ಳೆಯದೋ ಕೆಟ್ಟದೋ ಎಂಬುದನ್ನು ತೀರ್ಮಾನಿಸುವುದು ಅದರ ಹೊಟ್ಟೆಯಲ್ಲಿರುವ ಬ್ಯಾಟರಿ ಮತ್ತು ಅದನ್ನು ದುಡಿಸಿಕೊಳ್ಳುವ ರೀತಿ.

ಬಾಲದಲ್ಲಿ ಬಿಡಿ ಬಲ್ಬು

ತೆಂಗಿನ ಗರಿಯ ಸೂಡಿ ಬೀಸಿಕೊಂಡು ಯಕ್ಷಗಾನಕ್ಕೆ ನಡೆದು ಹೋಗುತ್ತಿದ್ದ ಕಾಲದ ನಂತರ ಮನೆಗೆ ಬಂದದ್ದು ಲೋಹದ ಟಾರ್ಚು. ಎವರೆಡಿಯ ಟಾರ್ಚ್ ಕಾರ್ಖಾನೆ ಲಖನೌದಲ್ಲಿ ಶುರುವಾದದ್ದು 1958ರಲ್ಲಿ. ಅದರ ಹಿತ್ತಾಳೆಯ 'ಜೀವನ್ ಸಾಥಿ' ಟಾರ್ಚು ಎಷ್ಟೋ ಮನೆಗಳಲ್ಲಿ ಗೋಡೆಯ ಮೊಳೆಗೆ ನೇತುಬಿದ್ದ ಆಸ್ತಿಯಾಗಿತ್ತು. ಕೆಂಪು ಸೆಲ್ಲಿನ ಈ ಕಂಪನಿಯ ಹೆಸರು ದಶಕಗಳ ಕಾಲ ಯೂನಿಯನ್ ಕಾರ್ಬೈಡ್ ಇಂಡಿಯಾ ಎಂದಿತ್ತು. 1984ರ ಡಿಸೆಂಬರ್‌ನಲ್ಲಿ ವಿಷಾನಿಲ ಸೋರಿದ ಭೋಪಾಲದ ಕಾರ್ಖಾನೆಯ ಒಡೆತನವೂ ಅದರದೇ. ಹತ್ತು ವರ್ಷಗಳ ನಂತರ, 1994ರಲ್ಲಿ ಅದು ಕೋಲ್ಕತ್ತದ ವಿಲಿಯಮ್ಸನ್ ಮಾಗರ್ ಸಮೂಹದ ಕೈಗೆ ಬಂತು.

ಹಿತ್ತಾಳೆ ಟಾರ್ಚಿನ ಹಿಂಬದಿಯ ಮುಚ್ಚಳ ತಿರುಗಿಸಿ ತೆಗೆದರೆ ಸ್ಪ್ರಿಂಗಿನ ನಡುವೆ ಒಂದು ಬಿಡಿ ಬಲ್ಬು ಅಡಗಿ ಕೂತಿರುತ್ತಿತ್ತು. ಬಲ್ಬಿನ ತಂತಿ ಯಾವಾಗ ಬೇಕಾದರೂ ತುಂಡಾಗಬಹುದು ಎಂಬುದು ಟಾರ್ಚು ಮಾಡಿದವನಿಗೂ ಗೊತ್ತಿತ್ತು, ಕೊಂಡವನಿಗೂ ಗೊತ್ತಿತ್ತು. ಎರಡು ಸೆಲ್ಲಿನ ಟಾರ್ಚಿನ ಆ ಪುಟಾಣಿ ಬಲ್ಬಿನ ಕತ್ತಿನ ಮೇಲೆ 2.5 ವೋಲ್ಟ್, 0.3 ಆಂಪಿಯರ್ ಎಂದು ಕೊರೆದಿರುತ್ತಿದ್ದರು. ಅಂದರೆ ಮುಕ್ಕಾಲು ವಾಟ್. ಅದರಲ್ಲಿ ಬಹುಪಾಲು ಶಾಖಕ್ಕೇ ಹೋಗಿ, ಬೆಳಕಾಗಿ ಹೊರಬರುತ್ತಿದ್ದುದು ಹತ್ತು ಲ್ಯೂಮೆನ್‌ನ (ಒಟ್ಟು ಬೆಳಕಿನ ಅಳತೆ) ಆಸುಪಾಸು. ಸೆಲ್ಲು ಬಡವಾದಂತೆ ಬೆಳಕು ಹಳದಿಯಿಂದ ಕೆಂಪಿಗೆ, ಕೆಂಪಿನಿಂದ ಕೆಂಡದ ಬಣ್ಣಕ್ಕೆ ಇಳಿಯುತ್ತಿತ್ತು. ಆಗ ಸೆಲ್ಲುಗಳನ್ನು ತೆಗೆದು ಅಂಗಳದ ಬಿಸಿಲಿಗೆ ಇಡುವುದು ವಾಡಿಕೆ. ಮೂಢನಂಬಿಕೆಯೇನಲ್ಲ: ಬಿಸಿಯಾದ ಸೆಲ್ಲಿನಲ್ಲಿ ರಾಸಾಯನಿಕ ಕ್ರಿಯೆ ಚುರುಕಾಗಿ, ಉಳಿದಿದ್ದ ಅಷ್ಟಿಷ್ಟು ಶಕ್ತಿ ಒಂದು ರಾತ್ರಿಯ ಮಟ್ಟಿಗೆ ಹೊರಬರುತ್ತಿತ್ತು.

ಈ ಲೋಕವನ್ನು ತಲೆಕೆಳಗು ಮಾಡಿದ್ದು ನೀಲಿ ಬೆಳಕು. ಕೆಂಪು ಎಲ್‌ಇಡಿ 1962ರಿಂದಲೇ ಇತ್ತು. ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶುಜಿ ನಕಮುರಾ ಪ್ರಖರವಾದ ನೀಲಿ ಎಲ್‌ಇಡಿ ಮಾಡಿ ತೋರಿಸಿದ್ದು 1993ರಲ್ಲಿ. ನೀಲಿ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಲೇಪ ಬಳಿದರೆ ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಇಂದಿನ ಟಾರ್ಚಿನ ಎಲ್‌ಇಡಿಯನ್ನು ಆರಿಸಿ ಹತ್ತಿರದಿಂದ ನೋಡಿದರೆ ಮೊಟ್ಟೆಯ ಭಂಡಾರದಂತೆ ಕಾಣುವ ಹಳದಿ ಚುಕ್ಕೆ ಈ ಲೇಪವೇ. ಇದೇ ಹಾದಿಯಲ್ಲಿ ದುಡಿದ ಅಕಸಾಕಿ ಮತ್ತು ಅಮಾನೊ ಅವರ ಜೊತೆಗೆ ನಕಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಅಷ್ಟರಲ್ಲಿ ಅವರ ಸಂಶೋಧನೆ ನಮ್ಮ ಸಂತೆಗಳಲ್ಲಿ ತೂಗಾಡುತ್ತಿತ್ತು.

ನಡುವೆ 2003ರಲ್ಲಿ ನೋಕಿಯಾ 1100 ಬಂದು, ಟಾರ್ಚಿಗಾಗಿಯೇ ಫೋನು ಕೊಳ್ಳುವವರನ್ನೂ ಹುಟ್ಟಿಸಿತು. ಈಗ ಎಲ್ಲರ ಜೇಬಿನ ಫೋನಿನಲ್ಲೂ ಬೆಳಕಿದೆ. ಆದರೂ ತಂತಿಗೆ ಜೋತುಬಿದ್ದ ಟಾರ್ಚಿಗೆ ಗಿರಾಕಿ ಕಡಿಮೆಯಾಗಿಲ್ಲ. ಮಳೆಯಲ್ಲಿ, ಕೆಸರುಗೈಯಲ್ಲಿ, ಹದಿನೈದು ಸಾವಿರದ ಫೋನನ್ನು ಮುಂದೆ ಹಿಡಿದು ಗದ್ದೆ ಬದುವಿನ ಮೇಲೆ ನಡೆಯುವ ಧೈರ್ಯ ಎಷ್ಟು ಜನಕ್ಕಿದೆ?

ನಾಲ್ಕು ಬಗೆ, ನಾಲ್ಕು ಗುಣ

ಅಗ್ಗದ ಟಾರ್ಚುಗಳ ಹೆಸರು ನೂರಿದ್ದರೂ ಹೊಟ್ಟೆ ಬಿಚ್ಚಿದರೆ ಜಾತಿ ನಾಲ್ಕೇ.

ಮೊದಲನೆಯದು ಅಂಗೈಯಲ್ಲಿ ಮುಚ್ಚಿಹೋಗುವ ಅಲ್ಯೂಮಿನಿಯಂ ಟಾರ್ಚು. ಮುಖದಲ್ಲಿ ಒಂಬತ್ತು ಪುಟ್ಟ ಎಲ್‌ಇಡಿಗಳು, ಒಳಗೆ ಪ್ಲಾಸ್ಟಿಕ್ ಗೂಡಿನಲ್ಲಿ ಮೂರು ಸಣ್ಣ (ಎಎಎ) ಸೆಲ್ಲುಗಳು. ಬಿಚ್ಚಿ ನೋಡಿದರೆ ಅಲ್ಲಿ ಸರ್ಕೀಟು ಎನ್ನುವಂಥದ್ದೇ ಇರುವುದಿಲ್ಲ. ಒಂಬತ್ತೂ ಎಲ್‌ಇಡಿಯ ಕಾಲುಗಳನ್ನು ಒಟ್ಟಿಗೆ ಬೆಸೆದು 4.5 ವೋಲ್ಟಿಗೆ ಕಟ್ಟಿರುತ್ತಾರೆ, ಅಷ್ಟೇ. ಬಿಳಿ ಎಲ್‌ಇಡಿಗೆ ಬೇಕಾದದ್ದು ಮೂರು ವೋಲ್ಟಿನ ಚಿಲ್ಲರೆ. ಹೆಚ್ಚಿನದ್ದನ್ನು ತಡೆಯಲು ಒಂದು ರೆಸಿಸ್ಟರ್ ಕೂಡ ಇಲ್ಲದೆ, ಅಗ್ಗದ ಸೆಲ್ಲಿನ ಒಳದೌರ್ಬಲ್ಯವನ್ನೇ ತಡೆಯಾಗಿ ಬಳಸಿಕೊಂಡಿದ್ದಾರೆ. ವಿಚಿತ್ರವೆಂದರೆ ಇದಕ್ಕೆ ದುಬಾರಿ ಆಲ್ಕಲೈನ್ ಸೆಲ್ಲು ಹಾಕಿದರೆ ಎಲ್‌ಇಡಿಗಳು ಮಿತಿ ಮೀರಿ ಉರಿದು, ನೀಲಿಗಟ್ಟಿ, ಬೇಗ ಬಡವಾಗುತ್ತವೆ. ಮೊದಲ ಅರ್ಧ ಗಂಟೆ ಜೋರು, ಆಮೇಲೆ ಇಳಿಜಾರು. ಫ್ಯೂಸ್ ಹಾಕಲು, ಮಂಚದ ಕೆಳಗೆ ಉರುಳಿದ ಮಾತ್ರೆ ಹುಡುಕಲು ಸಾಕು. ಹತ್ತು ಮೀಟರ್ ದಾಟಿದರೆ ಅದರ ಬೆಳಕು ಎಲ್ಲಿ ಹೋಯಿತೆಂದೇ ತಿಳಿಯದು.

ಎರಡನೆಯದು ಹಳೆಯ ಟಾರ್ಚಿನ ನೇರ ಸಂತಾನ: ಎರಡು ಸೆಲ್ಲು, ಒಂದೇ ಎಲ್‌ಇಡಿ, ಪ್ಲಾಸ್ಟಿಕ್ ಮೈ. ಬೆಲೆ ನೂರರಿಂದ ಇನ್ನೂರರೊಳಗೆ. ಪಕ್ಕದಲ್ಲಿಟ್ಟರೆ ಉಳಿದೆಲ್ಲವುಗಳ ಎದುರು ಪೆಚ್ಚಾಗಿ ಕಾಣುತ್ತದೆ. ಎರಡು ಸೆಲ್ಲಿನ ಮೂರು ವೋಲ್ಟ್ ಎಂದರೆ ಎಲ್‌ಇಡಿಯ ಹೊಸ್ತಿಲಿಗೆ ತಾಗುವಷ್ಟೇ. ಸೆಲ್ಲೊಂದು 1.2 ವೋಲ್ಟಿಗೆ ಇಳಿಯಿತೆಂದರೆ ಬೆಳಕು ಮಿಣುಕಾಗುತ್ತದೆ. ಆ ಸೆಲ್ಲಿನಲ್ಲಿ ಜೀವ ಇನ್ನೂ ಉಳಿದಿರುತ್ತದೆ ಎಂಬುದು ನಮ್ಮ ಗೃಹಿಣಿಯರಿಗೆ ಯಾರೂ ಹೇಳಿಕೊಡದೆ ಗೊತ್ತು. ಟಾರ್ಚಿಗೆ ಸತ್ತ ಪೆನ್ಸಿಲ್ ಸೆಲ್ಲು ಗೋಡೆ ಗಡಿಯಾರವನ್ನು ಇನ್ನೂ ಎಷ್ಟೋ ತಿಂಗಳು ಓಡಿಸುತ್ತದೆ. ಸ್ವಲ್ಪ ಹೆಚ್ಚು ಬೆಲೆಯವುಗಳಲ್ಲಿ ವೋಲ್ಟೇಜ್ ಏರಿಸುವ ಪುಟ್ಟ ಸರ್ಕೀಟು ಇರುತ್ತದೆ. ಅಂಥದ್ದು ಒಂದೇ ಸೆಲ್ಲಿನಲ್ಲೂ ಉರಿಯುತ್ತದೆ, ಆ ಸೆಲ್ಲನ್ನು ಕೊನೆಯವರೆಗೂ ಹಿಂಡುತ್ತದೆ. ಈ ಬಗೆಯ ದೊಡ್ಡ ಗುಣ ತಾಳ್ಮೆ. ಒಣ ಸೆಲ್ಲು ವರ್ಷಗಟ್ಟಲೆ ಕಪಾಟಿನಲ್ಲಿದ್ದರೂ ಕರೆದಾಗ ಓಗೊಡುತ್ತದೆ, ಮುಗಿದರೆ ಊರಿನ ಚಿಲ್ಲರೆ ಅಂಗಡಿಯಲ್ಲಿ ಸಿಗುತ್ತದೆ. ದೊಡ್ಡ ದೋಷ ಸೋರಿಕೆ. ಸೆಲ್ಲನ್ನು ಒಳಗೇ ಮರೆತರೆ ಸ್ಪ್ರಿಂಗಿನ ಮೇಲೆ ಹಸಿರು ಬಿಳಿ ಹುಡಿ ಬೆಳೆದು, ಉಪ್ಪುಕಾಗದದಲ್ಲಿ ಉಜ್ಜುವ ಕೆಲಸ ಹತ್ತುತ್ತದೆ.

ಮೂರನೆಯದೇ ಅತಿ ಹೆಚ್ಚು ಕಾಣುವುದು. ಹಿಂಭಾಗದಿಂದ ಎರಡು ಪಿನ್ನು ಹೊರಗೆ ಜಾರಿಸಿ ನೇರ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಚಾರ್ಜಿಂಗ್ ಟಾರ್ಚು. ಒಳಗಿರುವುದು ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪನೆಯ, 4 ವೋಲ್ಟಿನ ಸೀಸ–ಆಮ್ಲದ ಬ್ಯಾಟರಿ. ಸ್ಕೂಟರಿನ ಬ್ಯಾಟರಿಯ ತಮ್ಮ. ಈ ಬ್ಯಾಟರಿ ಹಸಿವು ಸಹಿಸದು. ಪೂರ್ತಿ ಖಾಲಿ ಮಾಡಿ ಮೂಲೆಗೆಸೆದರೆ ಸೀಸದ ಫಲಕಗಳ ಮೇಲೆ ಸಲ್ಫೇಟಿನ ಹರಳು ಗಟ್ಟಿಯಾಗಿ ಕೂತು, ಮತ್ತೆ ಚಾರ್ಜ್ ಹಿಡಿಯುವ ಶಕ್ತಿಯೇ ಹೋಗುತ್ತದೆ. ಮಳೆಗಾಲ ಮುಗಿಸಿ ಅಟ್ಟ ಸೇರಿದ ಟಾರ್ಚು ಮುಂದಿನ ಮೃಗಶಿರ ಮಳೆಗೆ ಕೆಳಗಿಳಿದಾಗ ಹೆಣವಾಗಿರುವುದು ಇದಕ್ಕೇ. ಬೇಕಿರಲಿ ಬೇಡದಿರಲಿ, ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿದರೆ ಅದೇ ಟಾರ್ಚು ವರ್ಷಗಟ್ಟಲೆ ಬಾಳುತ್ತದೆ.

ಅದರ ಚಾರ್ಜರಿನದು ಬೇರೆಯೇ ಕಥೆ. 230 ವೋಲ್ಟನ್ನು ತಗ್ಗಿಸಲು ಟ್ರಾನ್ಸ್‌ಫಾರ್ಮರ್ ಇಲ್ಲ. ಇರುವುದು ಒಂದು ಕೆಪಾಸಿಟರ್, ಒಂದೆರಡು ರೆಸಿಸ್ಟರ್, ನಾಲ್ಕು ಡಯೋಡು. ಅಂದರೆ ಪ್ಲಗ್ಗಿನಲ್ಲಿರುವಷ್ಟು ಹೊತ್ತು ಟಾರ್ಚಿನ ಒಳಗಿನ ಪ್ರತಿ ತಂತಿಯೂ ಮನೆಯ ಕರೆಂಟಿಗೆ ನೇರ ಸಂಬಂಧಿ. ಪ್ಲಾಸ್ಟಿಕ್ ಮೈ ಒಡೆದಿದ್ದರೆ, ಸ್ವಿಚ್ಚಿನ ರಬ್ಬರ್ ಕಿತ್ತುಹೋಗಿದ್ದರೆ, ಒದ್ದೆ ಕೈಯಲ್ಲಿ ಮುಟ್ಟಿದರೆ ಹೊಡೆತ ಖಂಡಿತ. ಕೆಂಪು ದೀಪ ಪ್ಲಗ್ಗಿನಲ್ಲಿರುವಷ್ಟು ಹೊತ್ತೂ ಉರಿಯುತ್ತಲೇ ಇರುತ್ತದೆ. ತುಂಬಿತು, ಸಾಕು ಎಂದು ಹೇಳುವ ವ್ಯವಸ್ಥೆ ಹೆಚ್ಚಿನವುಗಳಲ್ಲಿ ಇಲ್ಲ. ಎರಡು ದಿನ ಹಾಗೇ ಮರೆತರೆ ಬ್ಯಾಟರಿ ಉಬ್ಬುತ್ತದೆ.

ನಾಲ್ಕನೆಯದು ಲಿಥಿಯಂ. ಕಪ್ಪು ಲೋಹದ ಮೈ, ಮುಂದಿನ ಕತ್ತು ಎಳೆದರೆ ಜೂಮು, ಯುಎಸ್‌ಬಿ ಚಾರ್ಜಿಂಗ್. ಮುನ್ನೂರರಿಂದ ಆರುನೂರು ರೂಪಾಯಿ. ತೂಕಕ್ಕೆ ಹೋಲಿಸಿದರೆ ಹೆಚ್ಚು ಶಕ್ತಿ, ತಿಂಗಳುಗಟ್ಟಲೆ ಬಿಟ್ಟರೂ ಚಾರ್ಜ್ ಹೆಚ್ಚು ಇಳಿಯದು. ನಾಲ್ಕರಲ್ಲಿ ಇದೇ ಮುಂದು, ಸೆಲ್ಲು ಅಸಲಿಯಾಗಿದ್ದರೆ.

ಡಬ್ಬಿಯ ಮೇಲಿನ ಲೆಕ್ಕ

ಲಿಥಿಯಂ ಟಾರ್ಚಿನ ಡಬ್ಬಿಯ ಮೇಲೆ ಸಂಖ್ಯೆಗಳ ಜಾತ್ರೆಯೇ ನೆರೆದಿರುತ್ತದೆ. '10,000 ಲ್ಯೂಮೆನ್', '9800 ಎಂಎಎಚ್', '1 ಕಿಲೋಮೀಟರ್'. ಇವನ್ನು ಹಿಡಿಯಲು ಪ್ರಯೋಗಾಲಯ ಬೇಡ, ಏಳನೇ ಕ್ಲಾಸಿನ ಗಣಿತ ಸಾಕು.

ಒಳಗಿನ ಸೆಲ್ಲಿಗೆ 18650 ಎಂದು ಹೆಸರು. ಅದು ಅಳತೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಈ ಗಾತ್ರದ ಹೆಸರಾಂತ ಸೆಲ್ಲುಗಳ ಸಾಮರ್ಥ್ಯವೇ 3500 ಎಂಎಎಚ್ ಸುತ್ತಮುತ್ತ ನಿಲ್ಲುತ್ತದೆ. 9800 ಎಂದು ಬರೆದಿದ್ದರೆ ಅದು ಮುದ್ರಣಾಲಯದ ಸಾಮರ್ಥ್ಯ. ಅಗ್ಗದ ಸೆಲ್ಲು 2000 ಎಂಎಎಚ್, ಅಂದರೆ 2 ಆಂಪಿಯರ್-ಗಂಟೆ ಕೊಟ್ಟರೆ ಪುಣ್ಯ ಎಂದುಕೊಳ್ಳೋಣ. 3.7 ವೋಲ್ಟಿಗೆ ಗುಣಿಸಿದರೆ 7.4 ವಾಟ್-ಗಂಟೆ. ಒಂದು ವಾಟಿಗೆ ನೂರು ಲ್ಯೂಮೆನ್ ಎಂದು ಹಿಡಿದರೂ ಹತ್ತು ಸಾವಿರ ಲ್ಯೂಮೆನ್ನಿಗೆ ನೂರು ವಾಟ್ ಬೇಕು. ಆ ಸೆಲ್ಲು ಅಷ್ಟು ಕೊಟ್ಟದ್ದೇ ಆದರೆ ನಾಲ್ಕೂವರೆ ನಿಮಿಷದಲ್ಲಿ ಖಾಲಿ, ಅಷ್ಟರೊಳಗೆ ಟಾರ್ಚು ಹಿಡಿದ ಕೈ ಸುಟ್ಟಿರುತ್ತದೆ. ನಿಜಕ್ಕೂ ಅದು ಎಳೆಯುವುದು ಮೂರು–ನಾಲ್ಕು ವಾಟ್, ಕೊಡುವುದು ಕೆಲವು ನೂರು ಲ್ಯೂಮೆನ್. ಆ ಕೆಲವು ನೂರೇ ಹಿತ್ತಾಳೆ ಟಾರ್ಚಿನ ಹತ್ತಾರು ಪಟ್ಟು. ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ.

ದೂರದ ಲೆಕ್ಕವೂ ಹೀಗೆಯೇ. ಅಮೆರಿಕದಲ್ಲಿ 2009ರಲ್ಲಿ ಬಂದ ಎಎನ್‌ಎಸ್‌ಐ ಎಫ್‌ಎಲ್1 ಮಾನದಂಡದ ಪ್ರಕಾರ, ಬೆಳಕು 0.25 ಲಕ್ಸ್‌ಗೆ, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಿನಷ್ಟಕ್ಕೆ ಇಳಿಯುವ ಜಾಗವೇ ಟಾರ್ಚಿನ 'ದೂರ'. ಬೆಳಕು ದೂರದ ವರ್ಗದ ಪ್ರಮಾಣದಲ್ಲಿ ಕುಗ್ಗುವುದರಿಂದ ನೂರು ಮೀಟರ್ ತಲುಪಲು ಟಾರ್ಚಿಗೆ 2500 ಕ್ಯಾಂಡೆಲಾ ತೀಕ್ಷ್ಣತೆ ಬೇಕು. ಒಂದು ಕಿಲೋಮೀಟರಿಗೆ ಎರಡೂವರೆ ಲಕ್ಷ! ಹತ್ತು ಪಟ್ಟು ದೂರಕ್ಕೆ ನೂರು ಪಟ್ಟು ಬೆಳಕು. ಇದೇ ಮಾನದಂಡದಲ್ಲಿ 'ಎಷ್ಟು ಗಂಟೆ ಉರಿಯುತ್ತದೆ' ಎಂಬುದನ್ನು ಬೆಳಕು ಆರಂಭದ ಶೇ 10ಕ್ಕೆ ಇಳಿಯುವವರೆಗೆ ಎಣಿಸುತ್ತಾರೆ. ಹಾಗಾಗಿ ಪ್ರಾಮಾಣಿಕ ಡಬ್ಬಿಯ 'ಹತ್ತು ಗಂಟೆ'ಯಲ್ಲೂ ಮಂಕು ಬೆಳಕಿನ ಗಂಟೆಗಳು ಸೇರಿರಬಹುದು.

ಸೆಲ್ಲಿನ ಅಸಲಿತನಕ್ಕೆ ಇನ್ನೊಂದು ಸುಲಭದ ಪರೀಕ್ಷೆ ತಕ್ಕಡಿ. ಒಳ್ಳೆಯ 18650 ಸೆಲ್ಲು 45 ಗ್ರಾಂ ಆಸುಪಾಸು ತೂಗುತ್ತದೆ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಅದು 30 ಗ್ರಾಂ ತೋರಿಸಿದರೆ ಒಳಗೆ ಜಾಗ ಖಾಲಿ ಇದೆ ಎಂದರ್ಥ. ಲಿಥಿಯಂ ಸೆಲ್ಲಿನ ಮೇಲೆ ಭಾರತೀಯ ಮಾನಕ ಬ್ಯೂರೊದ ಐಎಸ್ 16046 ನೋಂದಣಿ ಗುರುತು ಇರಬೇಕು. ಅದಿಲ್ಲದ್ದನ್ನು ರಾತ್ರಿಯಿಡೀ ಹಾಸಿಗೆ ಪಕ್ಕ ಚಾರ್ಜಿಗಿಟ್ಟು ಮಲಗುವುದು ಬೇಡ.

ಬೆಳಕು ಬೀಳುವ ಜಾಗ

ತ್ರೀ-ಫೇಸ್ ಕರೆಂಟಿನ ಸರದಿ ನಡುರಾತ್ರಿ ಬಂದರೆ ಮೋಟಾರು ಹಾಕಲು ರೈತ ಎದ್ದು ಹೋಗಲೇಬೇಕು. ಅವನಿಗೆ ಬೇಕಾದದ್ದು ಕಿಲೋಮೀಟರ್ ದೂರದ ಮರದ ತುದಿಯಲ್ಲ. ಮುಂದಿನ ನಾಲ್ಕು ಹೆಜ್ಜೆ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿರಬಹುದೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ವರ್ಷಕ್ಕೆ ಸರಾಸರಿ 58,000. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಕಟ್ಟುಹಾವು ಓಡಾಡುವುದೇ ರಾತ್ರಿ. ಕೊಳಕುಮಂಡಲ ಒಣಎಲೆಯ ಬಣ್ಣಕ್ಕೆ ಬಣ್ಣ ಸೇರಿಸಿ ಬಿದ್ದಿರುತ್ತದೆ.

ಇಲ್ಲಿ ಜೂಮ್ ಟಾರ್ಚು ಕೈಕೊಡುತ್ತದೆ. ಕತ್ತು ಪೂರ್ತಿ ಎಳೆದು ಗೋಡೆಗೆ ಬಿಟ್ಟರೆ ಒಂದು ಚೌಕ ಮೂಡುತ್ತದೆ. ಅದು ಎಲ್‌ಇಡಿ ಚಿಪ್ಪಿನದೇ ಚಿತ್ರ. ಮಸೂರ ಅದನ್ನು ಸಿನಿಮಾದಂತೆ ಗೋಡೆಗೆ ಎಸೆದಿದೆ. ಚೌಕದೊಳಗೆ ಹಗಲು, ಅಂಚಿನಾಚೆ ಕಗ್ಗತ್ತಲು. ದೂರದ ಕಾಡುಹಂದಿಯ ಕಣ್ಣು ಹೊಳೆಯಿಸಲು ಸರಿ, ಕಾಲ ಪಕ್ಕದ ಹಾವಿಗೆ ಕುರುಡು. ಬಟ್ಟಲಿನಾಕಾರದ ರಿಫ್ಲೆಕ್ಟರ್ ಇರುವ ಟಾರ್ಚು ಹಾಗಲ್ಲ. ನಡುವೆ ಒಂದು ಪ್ರಖರ ಬಿಂದು, ಸುತ್ತ ಅಗಲವಾಗಿ ಚೆಲ್ಲಿದ ಮೆದು ಬೆಳಕು. ನಡೆಯುವವನಿಗೆ ಬೇಕಾದದ್ದು ಈ ಚೆಲ್ಲಿದ ಬೆಳಕೇ.

ಬಣ್ಣದ ವಿಷಯವೂ ಇದೆ. ಅಗ್ಗದ ಎಲ್‌ಇಡಿಯ ಬೆಳಕಿನಲ್ಲಿ ನೀಲಿ ಜಾಸ್ತಿ, ಕಡುಗೆಂಪು ಕಡಿಮೆ. ಹಾಗಾಗಿ ಕೆಂಪು, ಕಂದು ಛಾಯೆಗಳೆಲ್ಲ ಸಪ್ಪೆಯಾಗಿ ಒಂದೇ ಬೂದಿ ಬಣ್ಣಕ್ಕೆ ತಿರುಗುತ್ತವೆ. ತರಗೆಲೆಯ ಮೇಲೆ ಬಿದ್ದ ಅಡಿಕೆ ಹಣ್ಣು, ಕೊಳೆತ ಹಾಳೆ, ಸುರುಳಿ ಸುತ್ತಿದ ಮಂಡಲದ ಹಾವು ಇವುಗಳ ನಡುವಿನ ವ್ಯತ್ಯಾಸ ಹಗಲಿನಷ್ಟು ಎದ್ದು ಕಾಣುವುದಿಲ್ಲ. ತುಸು ಹಳದಿ ಮಿಶ್ರಿತ, 'ವಾರ್ಮ್' ಎಂದು ಗುರುತಿಸಿದ ಬೆಳಕು ಅಂಗಡಿಯಲ್ಲಿ ಮಂಕಾಗಿ ಕಂಡರೂ ತೋಟದಲ್ಲಿ ಕಣ್ಣಿಗೆ ಹಿತ.

ಸುಳ್ಯ, ಬೆಳ್ತಂಗಡಿ ಕಡೆ ಬೆಳಕು ಹರಿಯುವ ಮೊದಲೇ ರಬ್ಬರ್ ಟ್ಯಾಪಿಂಗ್‌ಗೆ ಹೋಗುವವರು ಹಣೆಗೆ ಕಟ್ಟುವ ಟಾರ್ಚನ್ನೇ ನೆಚ್ಚಿಕೊಂಡಿದ್ದಾರೆ; ಎರಡೂ ಕೈ ಬಿಡುವಾಗಿರಬೇಕಲ್ಲ. ಆದರೆ ದಟ್ಟ ಮಂಜು ಕವಿದರೆ ಹಣೆಯ ಬೆಳಕು ಹನಿಗಳಿಗೆ ತಾಗಿ ಕಣ್ಣಿಗೇ ವಾಪಸು ಬರುತ್ತದೆ, ಎದುರಿಗೆ ಬಿಳಿ ಪರದೆ ಕಟ್ಟಿದ ಹಾಗೆ. ಅಂಥ ಹೊತ್ತಿನಲ್ಲಿ ಟಾರ್ಚನ್ನು ಸೊಂಟದ ಮಟ್ಟಕ್ಕೆ ಇಳಿಸಿ ಹಿಡಿಯುವುದು ಜಾಣತನ.

ಮನೆಯಲ್ಲೇ ಪಂದ್ಯ

ಎರಡು ಟಾರ್ಚುಗಳಲ್ಲಿ ಯಾವುದು ಮೇಲೆಂದು ತಿಳಿಯಲು ಕತ್ತಲ ಕೋಣೆ, ದಿನಪತ್ರಿಕೆ, ಗಡಿಯಾರ ಸಾಕು. ಟಾರ್ಚನ್ನು ಚಾವಣಿಗೆ ಮುಖ ಮಾಡಿ ನಿಲ್ಲಿಸಬೇಕು. ಚಾವಣಿಗೆ ತಾಗಿ ಇಳಿಯುವ ಬೆಳಕಿನಲ್ಲಿ ಪತ್ರಿಕೆಯ ಸಣ್ಣಕ್ಷರ ಓದಲು ಆಗುತ್ತದೆಯೇ? ಅರ್ಧ ಗಂಟೆಗೊಮ್ಮೆ ನೋಡಿ ಬರೆದಿಡಬೇಕು. ಅಂಕಿಯೇ ಬೇಕೆನ್ನುವವರು ಫೋನಿನ ಲಕ್ಸ್ ಮೀಟರ್ ಆ್ಯಪ್ ಬಳಸಬಹುದು. ಗೋಡೆಯಿಂದ ಐದು ಮೀಟರ್ ದೂರ ನಿಂತು ಬೆಳಕಿನ ನಡುಬಿಂದುವಿನಲ್ಲಿ ಫೋನಿಟ್ಟು, ಬಂದ ಸಂಖ್ಯೆಯನ್ನು 25ರಿಂದ ಗುಣಿಸಿದರೆ ಕ್ಯಾಂಡೆಲಾ. ಫೋನಿನ ಸಂಖ್ಯೆ ಕರಾರುವಾಕ್ಕಲ್ಲದಿದ್ದರೂ ಎರಡನ್ನು ಹೋಲಿಸಲು ಅಡ್ಡಿಯಿಲ್ಲ.

ಹೀಗೆ ಪಂದ್ಯಕ್ಕಿಟ್ಟಾಗ ಅಂಗಡಿಯಲ್ಲಿ ಮೆರೆದವು ಕೋಣೆಯಲ್ಲಿ ಸೋಲುವುದುಂಟು. ಒಂಬತ್ತು ಕಣ್ಣಿನದು ಮೊದಲು ಸುಸ್ತಾಗುತ್ತದೆ. ಸೀಸದ ಬ್ಯಾಟರಿಯದು ಬ್ಯಾಟರಿಯ ಆರೋಗ್ಯ ಇದ್ದಷ್ಟು. ಲಿಥಿಯಂ ಟಾರ್ಚು 'ಹೈ'ನಲ್ಲಿ ಒಂದೆರಡು ಗಂಟೆಗೆ ಮುಗಿದರೂ 'ಲೋ' ಒತ್ತಿದರೆ ಹಲವು ಪಟ್ಟು ಬಾಳುತ್ತದೆ. ಆದರೆ ಆ 'ಲೋ' ಮುಟ್ಟುವ ಮೊದಲು ಮಿಣಮಿಣ ಮಿಂಚುವ 'ಮೋಡ್' ಒಂದನ್ನು ದಾಟಬೇಕಾದರೆ ನಡುರಾತ್ರಿ ಅದಕ್ಕಿಂತ ಕಿರಿಕಿರಿ ಇನ್ನೊಂದಿಲ್ಲ. ಒಂದೇ ಗುಂಡಿ, ಎರಡೇ ಮೆಟ್ಟಿಲು ಇರುವ ಟಾರ್ಚು ಮನೆಯ ಹಿರಿಯರಿಗೆ ವರ.

ಸೋಲ್ಡರ್ ಹೊಗೆಯ ನಡುವೆ

ಮಲೆನಾಡಿನ ತಾಲ್ಲೂಕು ಪೇಟೆಯೊಂದರ ಬಸ್ ನಿಲ್ದಾಣದ ಹಿಂದೆ, ಮಿಕ್ಸಿ, ಫ್ಯಾನು, ಟಾರ್ಚುಗಳ ರಾಶಿ ನಡುವೆ ರಿಪೇರಿಯವನೊಬ್ಬ ಕೂತಿದ್ದಾನೆ. ಮೇಜಿನ ಮೇಲೆ ಹೊಟ್ಟೆ ಸೀಳಿಸಿಕೊಂಡು ಬಿದ್ದಿರುವುದು ಎರಡು ಪಿನ್ನಿನ ಚಾರ್ಜಿಂಗ್ ಟಾರ್ಚು. ಸೀಸದ ಬ್ಯಾಟರಿ ಹಲಸಿನ ಬೀಜದ ಹಾಗೆ ಉಬ್ಬಿದೆ. ಅದನ್ನು ಕತ್ತರಿಸಿ ಗುಜರಿಯ ಡಬ್ಬಕ್ಕೆ ಎಸೆಯುತ್ತಾನೆ. ಸೀಸಕ್ಕೆ ಬೆಲೆಯಿದೆ, ಮಣ್ಣಿಗೆ ಸೇರಿದರೆ ವಿಷ. ಗೋಡೆಗೆ ಸಿಕ್ಕಿಸುವ ಎರಡು ಹಲ್ಲುಗಳನ್ನೂ ಕಿತ್ತು, ಹಳೆಯ ಕೆಪಾಸಿಟರ್ ಚಾರ್ಜರನ್ನು ಪೂರ್ತಿ ತೆಗೆಯುತ್ತಾನೆ. ಆ ಜಾಗಕ್ಕೆ ಉಗುರಿನಗಲದ ನೀಲಿ ಬೋರ್ಡು ಕೂರುತ್ತದೆ. ಟಿಪಿ4056 ಎಂಬ ಚಿಪ್ಪಿನ ಈ ಬೋರ್ಡು ಲಿಥಿಯಂ ಸೆಲ್ಲನ್ನು 4.2 ವೋಲ್ಟ್ ಮೀರಲು ಬಿಡದೆ, ತುಂಬಿದ ಮೇಲೆ ಚಾರ್ಜಿಂಗ್ ನಿಲ್ಲಿಸುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಒಂದು ಊಟದ ಬೆಲೆಯೂ ಆಗದು. ಪಿನ್ನುಗಳಿದ್ದ ತೂತಿನಿಂದ ಈಗ ಟೈಪ್-ಸಿ ಬಾಯಿ ಇಣುಕುತ್ತಿದೆ. ಒಳಗೆ, ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಬಿಡಿಸಿ ಪರೀಕ್ಷಿಸಿದ 18650 ಸೆಲ್ಲು.

ಎಲ್‌ಇಡಿಯನ್ನು ಅವನು ಮುಟ್ಟಲೇ ಇಲ್ಲ. ಅದಕ್ಕೇನೂ ಆಗಿರಲಿಲ್ಲ.

ಸ್ಕ್ರೂ ಬಿಗಿದು ಗುಂಡಿ ಒತ್ತುತ್ತಾನೆ. ಹೆಂಚಿನ ಮಾಡಿನ ಜೇಡರಬಲೆಗಳೆಲ್ಲ ಒಮ್ಮೆಲೇ ಬೆಳಗುತ್ತವೆ. ಮೇಜಿನಾಚೆ ಕೊಡೆ ಊರಿಕೊಂಡು ನಿಂತ ತೋಟದ ಯಜಮಾನರು ಮೇಲೆ ನೋಡಿ ತಲೆಯಾಡಿಸುತ್ತಾರೆ. 'ಲೈಟೇನೋ ಬಂತು ಮಾರಾಯ. ಬೆಳಗಿನ ಜಾವದ ತನಕ ಬರ್ತದಾ ಹೇಳು.'

ರಿಪೇರಿಯವನು ಬಾಯಲ್ಲಿ ಉತ್ತರ ಕೊಡುವುದಿಲ್ಲ. ಉರಿಯುತ್ತಿರುವ ಟಾರ್ಚನ್ನು ಹಾಗೇ ಕಪಾಟಿನ ಮೇಲೆ ನೆಟ್ಟಗೆ ನಿಲ್ಲಿಸಿ, ಗೋಡೆ ಗಡಿಯಾರ ನೋಡಿ, ರಟ್ಟಿನ ಚೂರಿನ ಮೇಲೆ '4.10' ಎಂದು ಗೀಚಿ ಅದಕ್ಕೆ ಅಂಟಿಸುತ್ತಾನೆ.

'ನಾಳೆ ಬನ್ನಿ.'